ಟೇಪಿನ ಕೆಳಗೆ ಎರಡು ಬೆರಳು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹಿಡಿದು ಕೇಳಿದರೆ ಯಾರೂ ಅಂಗಡಿ ತೋರಿಸುತ್ತಿರಲಿಲ್ಲ. ಇಂಚಣ್ಣ ಅನ್ನಬೇಕು. ಬೀಗದ ಕೀಲಿ ಮಾಡುವವನ ಗೂಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಅವನ ದರ್ಜಿ ಅಂಗಡಿ. ಎರಡು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಗೆ ಹೊಡೆದ ಹಲಗೆಯ ಮೇಲೆ ವರ್ಷವಾರು ಜೋಡಿಸಿಟ್ಟ ಅಳತೆ ಪುಸ್ತಕಗಳು. ಬಾಗಿಲಲ್ಲಿ ನಿಂತವರನ್ನು ನೋಡಿದ ಮಾತ್ರಕ್ಕೇ ‘ಭುಜ ಹದಿನೇಳೂವರೆ, ತೋಳು ಇಪ್ಪತ್ನಾಲ್ಕು’ ಅನ್ನುತ್ತಿದ್ದ. ಟೇಪು ಹಿಡಿದು ನೋಡಿದರೆ ಕಾಲಿಂಚೂ ಹೆಚ್ಚುಕಡಿಮೆ ಬರುತ್ತಿರಲಿಲ್ಲ. ಇಂಚಣ್ಣ ಅನ್ನೋ ಹೆಸರು ಪುಕ್ಕಟೆ ಬಂದದ್ದಲ್ಲ.

ಅವನಿಗೆ ಕಸುಬು ಕಲಿಸಿದ ಮೇಷ್ಟ್ರು ಎರಡೇ ಎರಡು ಗುಟ್ಟು ಹೇಳಿಕೊಟ್ಟಿದ್ದರು. ‘ಟೇಪಿನ ಕೆಳಗೆ ಎರಡು ಬೆರಳು, ಹೊಲಿಗೆಯ ಒಳಗೆ ಎರಡಿಂಚು. ಇವೆರಡನ್ನ ಮರೀಬೇಡ, ಗಿರಾಕಿ ನಿನ್ನ ಬಿಟ್ಟು ಹೋಗಲ್ಲ.’ ಸೊಂಟದ ಅಳತೆ ತೆಗೆಯುವಾಗ ಟೇಪಿನ ಒಳಗೆ ಎರಡು ಬೆರಳು ತೂರಿಸಿ ಸಡಿಲ ಹಿಡಿಯಬೇಕು. ಹೊಲಿಯುವಾಗ ಬಟ್ಟೆಯನ್ನು ಒಳಗಡೆ ಮಡಚಿ ಬಿಡಬೇಕು. ಮುಂದಿನ ವರ್ಷ ಗಿರಾಕಿ ‘ಯಾಕೋ ಪ್ಯಾಂಟು ಒಗೆದು ಒಗೆದು ಕುಗ್ಗಿದೆ’ ಅಂತ ಬಂದಾಗ, ‘ಹೌದು ಸಾರ್, ಈಗಿನ ಬಟ್ಟೆನೇ ಹಾಗೆ’ ಅಂದು ಹೊಲಿಗೆ ಬಿಚ್ಚಿ ಹಿಗ್ಗಿಸಿ ಕೊಡಬೇಕು. ಕುಗ್ಗಿದ್ದು ಯಾವುದು, ಹಿಗ್ಗಿದ್ದು ಯಾವುದು ಅಂತ ಇಬ್ಬರಿಗೂ ಗೊತ್ತು. ಇಬ್ಬರೂ ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷ ಇಂಚಣ್ಣ ಯಾವ ಗಿರಾಕಿಯ ಸೊಂಟದ ಅಳತೆಯನ್ನೂ ಗಟ್ಟಿಯಾಗಿ ಹೇಳಿದವನಲ್ಲ. ಗೊಣಗಿದ ಹಾಗೆ ಮಾಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಪಕ್ಕದಲ್ಲಿ ‘ಸ.ಬಿ.’ ಅಂತ ಗುರುತು ಹಾಕುತ್ತಿದ್ದ. ಸಡಿಲ ಬಿಡು ಅಂತ ಅರ್ಥ.

ಊರಿಗೆಲ್ಲ ಮಾಡಿದ ಈ ಉಪಕಾರವನ್ನು ತನಗೆ ಮಾಡಿಕೊಳ್ಳದೆ ಇದ್ದಾನೆಯೇ? ದರ್ಜಿಯಾದವನು ಬಿಗಿ ಪ್ಯಾಂಟು ಹಾಕಿಕೊಂಡು ಒದ್ದಾಡಿದರೆ ಕಸುಬಿಗೇ ಅವಮಾನ. ವರ್ಷಕ್ಕೊಮ್ಮೆ ತನ್ನ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಅರ್ಧರ್ಧ ಇಂಚು ಬಿಡುತ್ತಿದ್ದ. ಅದೂ ಸಾಲದಾದಾಗ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟಿಕೊಳ್ಳುವುದು ರೂಢಿಯಾಯಿತು. ಅಲ್ಲಿ ಟೇಪು ಹಿಡಿದರೆ ಮೂವತ್ತಾರೇ ಬರುತ್ತಿತ್ತು. ಬೇರೆಯವರಿಗೆ ಬಟ್ಟೆ ಬಿಗಿಯಾದಾಗಲಾದರೂ ಮೈ ಬೆಳೆದದ್ದು ಗೊತ್ತಾಗುತ್ತದೆ, ಇವನಿಗೆ ಅದೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಇಂಚಣ್ಣನಿಗೆ ಒಬ್ಬಳೇ ಅಕ್ಕ, ಅವನಿಗಿಂತ ಆರು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಇವನಿಗೆ ಹತ್ತು, ಅವಳಿಗೆ ಹದಿನಾರು. ಎರಡು ವರ್ಷ ಕಳೆದು ಅವಳಿಗೆ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮದುವೆ ಗಿದುವೆ ಅಂತ ಯೋಚಿಸುವ ಹೊತ್ತಿಗೆ ತಮ್ಮನನ್ನು ಸಾಕಿ ಸಾಕಿ ಅವಳಿಗೆ ಸಾಕಾಗಿತ್ತೋ ಏನೋ, ‘ಒಂದು ಮಗು ಸಾಕಿದ್ದಾಯ್ತು, ಸಾಕು’ ಅಂತ ನಕ್ಕುಬಿಟ್ಟಳು. ಅಂಗಡಿಯಲ್ಲಿ ಎಡಗಡೆ ಇರುವ ಮಷೀನು ಅವಳು ಕೊಡಿಸಿದ್ದು. ಮಷೀನು ಕೊಡಿಸಿದ ವರ್ಷದಿಂದ ಅವಳ ಕಚೇರಿಯ ನೀಲಿ ಕೋಟು, ನೀಲಿ ಪ್ಯಾಂಟು ಹೊಲಿಯುವುದು ಇವನೇ. ದಿನವಿಡೀ ಕಿಟಕಿಯ ಹಿಂದೆ ಕೂತು ಮುದ್ರೆ ಒತ್ತುವ ಕೆಲಸ ಅವಳದು. ಗಂಟೆಗೊಂದು ಸಿಹಿ ಟೀ, ಟೀಗೆ ನಾಲ್ಕು ಬಿಸ್ಕತ್ತು. ವರ್ಷಕ್ಕೊಮ್ಮೆ ಅಂಗಡಿಗೆ ಬಂದು ಎರಡೂ ಕೈ ಎತ್ತಿ ನಿಂತು, ‘ಸಡಿಲ ಬಿಡೋ ಪುಟ್ಟ, ಕೂತ್ರೆ ಹಿಡಿಯತ್ತೆ’ ಅನ್ನುವಳು. ಅವನು ಬಿಡುವನು.

ಆ ವರ್ಷ ಅವಳ ಕೋಟು ಒಂದೇ ತಿಂಗಳಲ್ಲಿ ಎರಡು ಸಲ ಅಂಗಡಿಗೆ ಬಂತು. ಎರಡು ಸಲವೂ ಇಂಚಣ್ಣ ಹೊಲಿಗೆ ಬಿಚ್ಚಿ ಹಿಗ್ಗಿಸಿದ. ಎರಡನೆಯ ಸಲ ಒಳಗೆ ಬಟ್ಟೆಯೇ ಉಳಿದಿರಲಿಲ್ಲ, ಪಕ್ಕಕ್ಕೆ ಬೇರೆ ಪಟ್ಟಿ ಕೂಡಿಸಿದ. ‘ಏನಕ್ಕಾ, ಬಿಸ್ಕತ್ತಿನ ಫ್ಯಾಕ್ಟರಿಗೇ ಕೈ ಹಾಕಿದ್ಯಾ?’ ಅಂತ ತಮಾಷೆ ಬೇರೆ ಮಾಡಿದ. ಅವಳೂ ನಕ್ಕಳು. ಕಾಲು ಊದಿ ಬೂಟು ಏರುತ್ತಿಲ್ಲ ಅಂತ ಚಪ್ಪಲಿಯಲ್ಲಿ ಬಂದಿದ್ದಳು, ಅದನ್ನೂ ಅವನು ನೋಡಿದ್ದ. ವಾರದೊಳಗೆ, ಪಾರ್ಸಲ್ ಕಳಿಸಲು ಬಂದ ಹೆಂಗಸೊಬ್ಬಳು ಕಿಟಕಿಯೊಳಗೆ ಇಣುಕಿ, ‘ಮೇಡಂ, ನಿಮ್ಮ ಕಣ್ಣು ಹಳದಿಯಾಗಿದೆ’ ಅಂದಳು. ಆಸ್ಪತ್ರೆಗೆ ಹೋದರೆ, ಹೊಟ್ಟೆಯಲ್ಲಿ ತುಂಬಿದ್ದು ಬೊಜ್ಜಲ್ಲ, ನೀರು. ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆ ಅಂದರು.

ಬೀದಿಯ ಬಾಯಿಗೆ ಬೀಗ ಉಂಟೇ? ಅದೂ ಪಕ್ಕದವನು ಕೀಲಿ ಮಾಡುವವನು. ಮೆಲ್ಲಗೆ ಹತ್ತಿರ ಬಂದು, ‘ತಪ್ಪು ತಿಳ್ಕೋಬೇಡ ಇಂಚಣ್ಣ, ಅಕ್ಕ ಗುಟ್ಟಾಗಿ ಏನಾದ್ರೂ... ತಗೋತಿದ್ರಾ?’ ಅಂದ.

‘ಕೆಮ್ಮಿನ ಔಷಧಿ ಕುಡಿದ್ರೇ ತಲೆ ತಿರುಗತ್ತೆ ಅನ್ನೋ ಹೆಂಗಸು ಕಣೋ ಅವಳು!’ ಅಂತ ಇಂಚಣ್ಣ ರೇಗಿದ. ರೇಗಿದನೇ ಹೊರತು ಅವನಿಗೂ ಒಳಗೊಳಗೇ ಗೊಂದಲ. ಕುಡಿಯದವರ ಲಿವರ್ ಯಾಕೆ ಹೀಗಾಗಬೇಕು?

ಡಾಕ್ಟರಮ್ಮ ಪೆನ್ಸಿಲಿನ ಹಾಗೆ ಸಣ್ಣಗಿದ್ದ ಹೆಂಗಸು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವಳಲ್ಲ. ‘ಕುಡಿದು ಹಾಳಾಗೋ ಹಾಗೇ ಕೊಬ್ಬು ತುಂಬ್ಕೊಂಡೂ ಹಾಳಾಗತ್ತೆ. ನಿಮ್ಮಕ್ಕನಿಗೆ ಹತ್ತು ಹದಿನೈದು ವರ್ಷದಿಂದ ಆಗ್ತಾ ಬಂದಿದೆ. ಇನ್ನು ಔಷಧಿಯಲ್ಲಿ ಸರಿಹೋಗೋ ಹಂತ ದಾಟಿದೆ. ಮನೆಯವರು ಯಾರಾದ್ರೂ ತಮ್ಮ ಲಿವರಲ್ಲಿ ಒಂದು ಭಾಗ ಕೊಟ್ರೆ ಬದುಕ್ತಾರೆ’ ಅಂದಳು.

ಮೊದಲು ಮುಂದೆ ಬಂದವಳು ಇಂಚಣ್ಣನ ಹೆಂಡತಿ. ‘ನಂದು ತಗೊಳ್ಳಿ. ಅತ್ತಿಗೆ ನನಗೆ ಅಮ್ಮನ ಹಾಗೆ’ ಅಂದಳು. ಅವಳ ರಕ್ತದ ಗುಂಪು ಹೊಂದಲಿಲ್ಲ. ಇಂಚಣ್ಣನದು ಹೊಂದಿತು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಾರ್ಡಿಗೆ ಹೋಗಿ ಅಕ್ಕನ ಕೈ ಹಿಡಿದು, ‘ಏಳಕ್ಕಾ ಮೇಲೆ, ನಾನಿದ್ದೀನಲ್ಲ. ಹತ್ತು ದಿನದಲ್ಲಿ ಮುಗಿಸಿಬಿಡೋಣ’ ಅಂದ. ರಕ್ತದ ಗುಂಪು ಬಿಟ್ಟರೆ ಇನ್ನೂ ಒಂದು ಪರೀಕ್ಷೆಯೂ ಆಗಿರಲಿಲ್ಲ.

ಪರೀಕ್ಷೆಯ ದಿನ ನರ್ಸು ಹಾಳೆ ಹಿಡಿದು, ‘ಸೊಂಟ ಎಷ್ಟು?’ ಅಂದಳು.

‘ಮೂವತ್ತಾರು’ ಅಂದ ಇಂಚಣ್ಣ, ಕಸುಬಿನ ಗತ್ತಿನಲ್ಲಿ.

ನರ್ಸು ಪ್ಲಾಸ್ಟಿಕ್ ಟೇಪು ತೆಗೆದು ಅವನ ಹೊಕ್ಕುಳಿನ ಹತ್ತಿರ ಸುತ್ತಿ ಗಟ್ಟಿಯಾಗಿ ಓದಿದಳು, ‘ನೂರಾ ನಾಲ್ಕು ಸೆಂಟಿಮೀಟರ್.’

ತಲೆಯೊಳಗೆ ಲೆಕ್ಕ ತಾನಾಗಿ ಆಯಿತು. ನಲವತ್ತೊಂದು ಇಂಚು! ‘ಸಿಸ್ಟರ್, ತಪ್ಪು ಜಾಗ ಹಿಡಿದಿದ್ದೀರಿ. ಮೂವತ್ತು ವರ್ಷದಿಂದ ಇದೇ ಕೆಲಸ ನಂದು. ಸೊಂಟ ಇಲ್ಲಿ ಕೆಳಗೆ.’

‘ಅಲ್ಲಿ ನಿಮ್ಮ ಪ್ಯಾಂಟು ನಿಲ್ಲತ್ತೆ ಅಷ್ಟೇ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯ ಹಿಡೀಬೇಕು. ನಮಗೆ ಬೇಕಾಗಿರೋದು ಹೊಟ್ಟೆ. ಬೆರಳು ತೆಗೀರಿ.’

ಅವನಿಗೆ ತಿಳಿಯದ ಹಾಗೆಯೇ ಅವನ ಎರಡು ಬೆರಳು ಟೇಪಿನ ಒಳಗೆ ಹೋಗಿದ್ದವು.

ನಾಲ್ಕು ದಿನ ಬಿಟ್ಟು ಡಾಕ್ಟರಮ್ಮ ಕರೆದು ಕೂರಿಸಿಕೊಂಡಳು. ‘ಈಗ ನಿಮ್ಮ ಲಿವರ್ ತಗೊಳಕ್ಕಾಗಲ್ಲ. ಅದರಲ್ಲಿ ಇಪ್ಪತ್ತೆರಡು ಪರ್ಸೆಂಟ್ ಕೊಬ್ಬಿದೆ. ಅದನ್ನ ಅಕ್ಕನಿಗೆ ಹಾಕಿದ್ರೆ ಅವರಿಗೂ ಕೆಲಸ ಮಾಡಲ್ಲ, ಉಳಿದದ್ದು ನಿಮಗೂ ಸಾಕಾಗಲ್ಲ.’

‘ನನಗೆ ಒಂದು ದಿನ ನೋವಿಲ್ಲ, ಏನಿಲ್ಲ ಡಾಕ್ಟ್ರೇ!’

‘ಲಿವರ್ ನೋಯಲ್ಲ, ಅದೇ ಅದರ ಕೆಟ್ಟ ಗುಣ. ತಾನು ಬಾಯಿ ಬಿಡಲ್ಲ, ಬೇರೆಯವರ ಕೈಲಿ ಹೇಳಿ ಕಳಿಸತ್ತೆ. ನೋಡಿ ಇಲ್ಲಿ. ಖಾಲಿ ಹೊಟ್ಟೇಲಿ ಸಕ್ಕರೆ ನೂರಾ ಹನ್ನೆರಡು, ನೂರರೊಳಗಿರಬೇಕಿತ್ತು. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಇನ್ನೂರ ನಲವತ್ತು, ನೂರೈವತ್ತರೊಳಗಿರಬೇಕಿತ್ತು. ಒಳ್ಳೇ ಕೊಲೆಸ್ಟ್ರಾಲ್ ನಲವತ್ತರ ಮೇಲಿರಬೇಕು, ನಿಮ್ಮದು ಮೂವತ್ನಾಲ್ಕು. ಬಿಪಿಯೂ ಮೇಲೇ ಇದೆ. ಇವೆಲ್ಲಕ್ಕಿಂತ ಮೊದಲು ಕೂಗಿ ಹೇಳಿದ್ದು ನಿಮ್ಮ ಸೊಂಟ. ಇವುಗಳಲ್ಲಿ ಮೂರು ದಾರಿ ತಪ್ಪಿದ್ರೇ ಲಿವರ್ ಕಡೆ ಒಮ್ಮೆ ನೋಡಬೇಕು ಅಂತೀವಿ. ನಿಮ್ಮವು ಐದೂ ತಪ್ಪಿವೆ.’

‘ಅಂದ್ರೆ ಅಕ್ಕ...’

‘ಅಕ್ಕನಿಗೆ ಮೂರು ತಿಂಗಳು ಟೈಮಿದೆ. ನಾಲ್ಕಾದ್ರೂ ಆಗಬಹುದು, ಮಾತು ಕೊಡಲ್ಲ. ನಿಮ್ಮ ಲಿವರ್ ಇನ್ನೂ ಗಟ್ಟಿಯಾಗಿಲ್ಲ, ಈಗಿನ್ನೂ ಕೊಬ್ಬು ಮಾತ್ರ. ಇದು ಕರಗತ್ತೆ. ಎಂಟು ಕೆ.ಜಿ. ಇಳಿಸಿ, ಆದ್ರೆ ಉಪವಾಸ ಬಿದ್ದು ಅಲ್ಲ, ನಿಧಾನವಾಗಿ. ಹತ್ತು ಪರ್ಸೆಂಟಿನ ಒಳಗೆ ಬಂದ್ರೆ ನಾನೇ ಕರೀತೀನಿ.’

ಇಂಚಣ್ಣ ಮನೆಗೆ ಹೋಗಲಿಲ್ಲ, ನೇರ ಅಂಗಡಿಗೆ ಬಂದ. ಹಲಗೆಯ ಮೇಲಿನ ಅಳತೆ ಪುಸ್ತಕಗಳನ್ನೆಲ್ಲ ಇಳಿಸಿ ಮೇಜಿನ ಮೇಲೆ ಹರಡಿದ. ಪ್ರತಿ ವರ್ಷದ ಪುಸ್ತಕದಲ್ಲೂ ಮೊದಲ ಹಾಳೆ ಅಕ್ಕನದೇ. ಮೂವತ್ತು. ಮೂವತ್ತೊಂದು. ಮೂವತ್ತೊಂದೂವರೆ. ಒಂದೊಂದೇ ಪುಸ್ತಕ ಸರಿಸುತ್ತ ಹೋದ. ಮೂವತ್ತೇಳು ದಾಟಿದ್ದು ಹನ್ನೊಂದು ವರ್ಷದ ಹಿಂದೆ, ಡಾಕ್ಟರಮ್ಮ ಹೇಳಿದ ಲೆಕ್ಕಕ್ಕೆ ಸರಿಯಾಗಿ. ಕೊನೆಯದು ನಲವತ್ತಮೂರು. ಪ್ರತಿ ಅಂಕಿಯ ಪಕ್ಕದಲ್ಲೂ ತನ್ನದೇ ಮುದ್ದಾದ ಅಕ್ಷರದಲ್ಲಿ ‘ಸ.ಬಿ.’ ಊರಿನ ಯಾವ ಡಾಕ್ಟರ ಹತ್ತಿರವೂ ಇಲ್ಲದ ಲೆಕ್ಕ ಅದು. ಬೇರೆಯವರಿಗೆ ಹೋಗಲಿ, ಒಡಹುಟ್ಟಿದ ಅಕ್ಕನಿಗೂ ಒಂದು ಸಲ, ಒಂದೇ ಒಂದು ಸಲ ಇವನು ಆ ಅಂಕಿಯನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತ. ಕೀಲಿಯವನು ಇಣುಕಿ ನೋಡಿ, ಸದ್ದು ಮಾಡದೆ ವಾಪಸು ಹೋದ. ಪಾಪ, ಅಷ್ಟು ಕೆಟ್ಟವನಲ್ಲ ಅವನು.

ಅತ್ತು ಮುಗಿದ ಮೇಲೆ ಇಂಚಣ್ಣ ಮುಖ ತೊಳೆದುಕೊಂಡು, ತನಗೆ ಬರುವ ಒಂದೇ ಒಂದು ಕೆಲಸಕ್ಕೆ ಕೈ ಹಾಕಿದ. ಬೂದು ಬಣ್ಣದ ಒಳ್ಳೆಯ ಬಟ್ಟೆ ತೆಗೆದು ತನಗೊಂದು ಪ್ಯಾಂಟು ಕತ್ತರಿಸಿದ. ನರ್ಸು ಟೇಪು ಹಿಡಿದ ಜಾಗಕ್ಕೆ ಬರುವ ಹಾಗೆ ಮೇಲೆತ್ತರಕ್ಕೆ, ಹಳೇ ಕಾಲದ ಅಜ್ಜಂದಿರ ಪ್ಯಾಂಟಿನ ಹಾಗೆ ಹೊಕ್ಕುಳು ಮುಚ್ಚುವಂತೆ. ಸೊಂಟ ಸರಿಯಾಗಿ ಮೂವತ್ತೇಳು, ಎಂಟು ಕೆ.ಜಿ. ಇಳಿದರೆ ಅಷ್ಟಕ್ಕೆ ಬರಬೇಕು ಅಂತ ಅವನದೇ ಅಂದಾಜು. ಹೊಲಿದು, ಒಳಗೆ ಉಳಿದ ಬಟ್ಟೆಯನ್ನು ಹೊಲಿಗೆಯ ಅಂಚಿನವರೆಗೂ ಕತ್ತರಿಸಿ ಬುಟ್ಟಿಗೆ ಎಸೆದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಕೈಯಿಂದ ಹಾಗೊಂದು ಬಟ್ಟೆ ಹೊರಬಂತು. ಮೇಷ್ಟ್ರು ಬದುಕಿದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಪ್ಯಾಂಟನ್ನು ಮಷೀನಿನ ಎದುರಿಗೆ ಮೊಳೆಗೆ ನೇತುಹಾಕಿದ. ಅಂದು ಹಾಕಿ ನೋಡಿದರೆ ಗುಂಡಿಗೂ ಕಾಜಕ್ಕೂ ನಡುವೆ ಐದು ಬೆರಳು ಜಾಗ.

ಆಮೇಲೆ ಶುರುವಾಯಿತು ನೋಡಿ ಇಂಚಣ್ಣನ ವನವಾಸ. ಟೀಗೆ ಸಕ್ಕರೆ ಬಂದ್. ಬಿಸ್ಕತ್ತಿನ ಡಬ್ಬಿಗೆ ಗುಂಡಿಗಳನ್ನು ತುಂಬಿಟ್ಟ. ಅಭ್ಯಾಸಬಲದಿಂದ ಕೈ ಹಾಕಿ ಒಮ್ಮೆ ಕೋಟಿನ ಗುಂಡಿಯನ್ನೇ ಬಾಯಿಗೆ ಹಾಕಿಕೊಂಡಿದ್ದೂ ಉಂಟು. ಹೆಂಡತಿ ತಟ್ಟೆಯಲ್ಲಿ ಅನ್ನ ಅರ್ಧ ಮಾಡಿ, ತರಕಾರಿ, ಕಾಳು, ಮೊಟ್ಟೆ ಹೆಚ್ಚು ಮಾಡಿದಳು. ‘ಏನೇ ಇದು, ಮೊಲಕ್ಕೆ ಹಾಕೋ ಹಾಗೆ!’ ಅಂದರೆ, ‘ಮೊಲಕ್ಕೆ ಹೊಟ್ಟೆ ಬಂದಿದ್ದು ನೋಡಿದ್ದೀರಾ? ತಿನ್ನಿ’ ಅನ್ನುವಳು. ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ ಬಿರುನಡಿಗೆ. ಮೂವತ್ತು ವರ್ಷ ಕುರ್ಚಿಗೆ ಅಂಟಿಕೊಂಡಿದ್ದ ಮನುಷ್ಯನಿಗೆ ಮೊದಲ ವಾರ ಮಂಡಿ, ಮೀನಖಂಡ ಎಲ್ಲ ಒಟ್ಟಿಗೆ ಮುಷ್ಕರ ಹೂಡಿದವು. ಭಾನುವಾರಕ್ಕೊಮ್ಮೆ ಪ್ಯಾಂಟು ಹಾಕಿ ನೋಡುವುದು. ಐದು ಬೆರಳು ನಾಲ್ಕಾಯಿತು, ಮೂರಾಯಿತು. ಅಕ್ಕನಿಗೆ ದಿನಾ ಬೆರಳಿನ ಲೆಕ್ಕ ಒಪ್ಪಿಸುತ್ತಿದ್ದ. ಅವಳ ಹೊಟ್ಟೆಯಿಂದ ಮೂರು ವಾರಕ್ಕೊಮ್ಮೆ ನೀರು ತೆಗೆಯುತ್ತಿದ್ದರು. ಮಲಗಿದಲ್ಲಿಂದಲೇ ಅವಳು, ‘ನೀನು ಕರಗ್ತಿದ್ದೀಯ, ನಾನು ಊದ್ತಿದ್ದೀನಿ. ಯಾರೋ ಲೆಕ್ಕ ತಪ್ಪಿಸ್ಕೊಂಡಿದಾರೆ ಪುಟ್ಟ’ ಅಂತ ನಗುತ್ತಿದ್ದಳು.

ಏಳನೆಯ ವಾರ ತೂಕ ನಿಂತುಬಿಟ್ಟಿತು. ಹನ್ನೆರಡು ದಿನ ಏನು ಮಾಡಿದರೂ ಮುಳ್ಳು ಅಲುಗಲಿಲ್ಲ. ಹದಿಮೂರನೆಯ ಬೆಳಿಗ್ಗೆ ಇಂಚಣ್ಣ ವಾರ್ಡಿಗೆ ಹೋದಾಗ ಅಕ್ಕ ಹಾಸಿಗೆಯಲ್ಲಿ ಎದ್ದು ಕೂತು ಹೊದಿಕೆಯನ್ನು ಮಡಚುತ್ತಿದ್ದಳು. ಇವನನ್ನು ನೋಡಿ ಗಾಬರಿಯಿಂದ, ‘ಪುಟ್ಟ, ಇನ್ನೂ ಇಲ್ಲೇ ಇದ್ದೀಯಾ? ಶಾಲೆಗೆ ಹೊತ್ತಾಗ್ಲಿಲ್ವಾ? ಅವ್ವ ಬೈತಾಳೆ’ ಅಂದಳು.

ಅವ್ವ ಸತ್ತು ಮೂವತ್ತಾರು ವರ್ಷ. ಇಂಚಣ್ಣ ಡಾಕ್ಟರಮ್ಮನನ್ನು ಹುಡುಕಿಕೊಂಡು ಓಡಿದ. ಲಿವರ್ ಶುದ್ಧ ಮಾಡಬೇಕಾದ ವಿಷ ರಕ್ತದಲ್ಲೇ ಉಳಿದು ತಲೆಗೆ ಏರಿದೆ, ಔಷಧಿ ಕೊಟ್ಟರೆ ಇಳಿಯುತ್ತದೆ, ಆದರೆ ಇನ್ನು ಹೆಚ್ಚು ದಿನ ಕಾಯುವ ಹಾಗಿಲ್ಲ ಅಂದಳು ಡಾಕ್ಟರಮ್ಮ.

ಮಧ್ಯಾಹ್ನ ಅಂಗಡಿಗೆ ಬಂದವನೇ ಬಾಗಿಲು ಎಳೆದು ಬೂದು ಪ್ಯಾಂಟು ಹಾಕಿ ನೋಡಿದ. ಎರಡು ಬೆರಳು. ಮತ್ತೆ ಎರಡೇ ಬೆರಳು! ಎಲ್ಲಿತ್ತೋ ಸಿಟ್ಟು, ಪ್ಯಾಂಟು ಕಿತ್ತು ಮೇಜಿನ ಮೇಲೆ ಬಿಸಾಡಿದ. ಹೊಲಿಗೆ ಬಿಚ್ಚುವ ಚೂಪು ಕೊಕ್ಕೆ ಕೈಗೆ ಬಂತು. ಯಾಕೆ ಬಂತು, ಏನು ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ಮೂವತ್ತು ವರ್ಷದ ಕೈ, ಅದಕ್ಕೆ ಗೊತ್ತಿದ್ದ ಒಂದೇ ಪರಿಹಾರಕ್ಕೆ ಹೋಗಿತ್ತು. ಪ್ಯಾಂಟನ್ನು ಒಳಗಿಂದ ಹೊರಗೆ ಮಗುಚಿ ಸೊಂಟದ ಹಿಂಬದಿಯ ಹೊಲಿಗೆ ಹುಡುಕಿದ. ಬಿಡಲು ಅಲ್ಲಿ ಬಟ್ಟೆಯೇ ಇರಲಿಲ್ಲ. ತಾನೇ ಕತ್ತರಿಸಿ ಬಿಸಾಡಿದ್ದ.

ಒಳಚಡ್ಡಿಯಲ್ಲಿ, ಕೈಯಲ್ಲಿ ಕೊಕ್ಕೆ ಹಿಡಿದು, ಇಂಚಣ್ಣ ಒಬ್ಬನೇ ನಿಂತು ನಕ್ಕ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ‘ಇಲ್ಲ ಕಣೋ, ಈ ಸಲ ದಾರಿ ಇಲ್ಲ’ ಅಂತ ತನಗೇ ಗಟ್ಟಿಯಾಗಿ ಹೇಳಿಕೊಂಡ. ಹಳೇ ಪ್ಯಾಂಟು ಏರಿಸಿಕೊಂಡು ಬಿಸಿಲಲ್ಲೇ ನಡೆಯಲು ಹೊರಟ.

ಹನ್ನೊಂದನೆಯ ವಾರ ಗುಂಡಿ ಕಾಜದೊಳಗೆ ಕೂತಿತು. ಉಸಿರು ಬಿಗಿ ಹಿಡಿದಲ್ಲ, ಬಿಟ್ಟು. ಅದೇ ಪ್ಯಾಂಟು ಹಾಕಿಕೊಂಡು ಪರೀಕ್ಷೆಗೆ ಹೋದ. ಡಾಕ್ಟರಮ್ಮ ಹಾಳೆ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದಳು. ‘ಸಕ್ಕರೆ ತೊಂಬತ್ತಾರು. ಟ್ರೈಗ್ಲಿಸರೈಡ್ ನೂರಾ ನಲವತ್ತು. ಒಳ್ಳೇ ಕೊಲೆಸ್ಟ್ರಾಲ್ ಇನ್ನೂ ಸ್ವಲ್ಪ ಸೋಮಾರಿ, ಇರಲಿ. ಲಿವರಲ್ಲಿ ಕೊಬ್ಬು ಏಳು ಪರ್ಸೆಂಟ್.’

‘ಅಂದ್ರೆ ತಗೋತೀರಾ?’

‘ತಗೋತೀನಿ. ಅರ್ಧಕ್ಕಿಂತ ಹೆಚ್ಚೇ ತಗೋತೀನಿ. ಹೆದರ್ಬೇಡಿ, ಉಳಿದದ್ದು ಕೆಲವೇ ತಿಂಗಳಲ್ಲಿ ಬೆಳ್ಕೊಳತ್ತೆ, ಅವರಲ್ಲಿ ಹಾಕಿದ್ದೂ ಬೆಳೆಯತ್ತೆ.’

‘ಹಾಗಾದ್ರೆ ದೇವರು ಅದೊಂದರಲ್ಲಿ ಬಟ್ಟೆ ಒಳಗೆ ಬಿಟ್ಟಿದ್ದಾನೆ ಅನ್ನಿ.’ ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಹೊರಗೆ ನಿಂತಿದ್ದ ಹೆಂಡತಿಗೆ ಹೇಳಿದಾಗ ಅವಳು ನಕ್ಕು ಅತ್ತಳು.

ಆಪರೇಷನ್ನಿಗೆ ಹೋಗುವ ಮುಂಚೆ ಅಕ್ಕನ ಮಂಚದ ಪಕ್ಕ ಕೂತು ಇಂಚಣ್ಣ ಅಳತೆ ಪುಸ್ತಕದ ವಿಷಯ ಹೇಳಿಬಿಟ್ಟ. ‘ನನಗೆ ಗೊತ್ತಿತ್ತಕ್ಕಾ. ಪ್ರತಿ ವರ್ಷ ಬರ್ಕೊಂಡೆ. ಹೇಳಲಿಲ್ಲ.’

ಅಂದು ಅಕ್ಕನ ತಲೆ ತಿಳಿಯಾಗಿತ್ತು. ಅವನ ತಲೆಗೂದಲಿಗೆ ಕೈ ಹಾಕಿ ಮೆಲ್ಲಗೆ ಜಗ್ಗಿದಳು. ‘ಹೇಳಿದ್ರೆ ನಾನು ಕೇಳ್ತಿದ್ನಾ? ಬೇರೆ ದರ್ಜಿ ಹತ್ರ ಹೋಗ್ತಿದ್ದೆ’ ಅಂದಳು. ಅವನನ್ನು ಸಮಾಧಾನ ಮಾಡಲು ಹೇಳಿದಳೋ, ನಿಜಕ್ಕೂ ಹಾಗೇ ಮಾಡುತ್ತಿದ್ದಳೋ, ಇಂಚಣ್ಣನಿಗೆ ಇವತ್ತಿಗೂ ಗೊತ್ತಿಲ್ಲ.

ಆಪರೇಷನ್ ಆಗಿ ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದಳು. ಮನೆಯಿಂದ ನಡೆದೇ ಬಂದಿದ್ದಳು, ಕಾಲಲ್ಲಿ ಬೂಟು. ಮುಂದಿನ ವಾರದಿಂದ ಕಚೇರಿಗೆ ಹೋಗಬಹುದು ಅಂದಿದ್ದರಂತೆ. ಹೊಸ ಕೋಟು, ಪ್ಯಾಂಟು ಆಗಬೇಕು. ಹೊಸ ಲಿವರಿಗೂ ಕೊಬ್ಬು ಕೂರಬಹುದು, ಸಕ್ಕರೆಯ ಮೇಲೂ ಸೊಂಟದ ಮೇಲೂ ಕಣ್ಣಿರಲಿ ಅಂತ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿ ಕಳಿಸಿದ್ದಳು.

ಮೊದಲಿನ ಹಾಗೆಯೇ ಎರಡೂ ಕೈ ಎತ್ತಿ ನಿಂತಳು. ಇಂಚಣ್ಣ ಟೇಪು ಸುತ್ತಿದ. ನರ್ಸು ತೋರಿಸಿದ ಜಾಗದಲ್ಲೇ ಸುತ್ತಿದ. ಆದರೂ ಹಾಳು ಕೈ ಕೇಳಬೇಕಲ್ಲ, ಎರಡು ಬೆರಳು ಮೆಲ್ಲಗೆ ಟೇಪಿನೊಳಗೆ ನುಸುಳಿದವು.

ಅಕ್ಕ ಅವನ ಕೈ ಮೇಲೆ ಪಟ್ಟನೆ ಹೊಡೆದಳು. ‘ಬೆರಳು ತೆಗಿಯೋ.’

ತೆಗೆದ. ಟೇಪು ಅವಳ ಮೈಗೆ ಕೂತಿತು. ಅದರ ಕೆಳಗೆಲ್ಲೋ ಅವನದೇ ಲಿವರಿನ ತುಂಡು, ಈಗ ಅವಳದು.

‘ಎಷ್ಟು?’

ಅಭ್ಯಾಸದಂತೆ ಗೊಣಗಲು ಹೋದವನು ತಡೆದುಕೊಂಡ. ಗಂಟಲು ಸರಿಮಾಡಿಕೊಂಡು, ಪಕ್ಕದ ಕೀಲಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ, ‘ಮೂವತ್ನಾಲ್ಕು ಅಕ್ಕಾ.’

‘ಬರ್ಕೋ. ಪಕ್ಕದಲ್ಲಿ ಏನೂ ಬರೀಬೇಡ’ ಅಂದಳು.